ಮೇಲ್ಸೇತುವೆ ಬಂದರೆ ಅಂಗಡಿಯ ಗತಿ?

ಹೆದ್ದಾರಿಯನ್ನು ಕಂಬಗಳ ಮೇಲೆ ಎತ್ತಿದರೆ ತುಮಕೂರಿನ ಕ್ಯಾತ್ಸಂದ್ರದ ನಿಮ್ಮ ಅಂಗಡಿಗೆ ಪೆಟ್ಟೇ ಎಂದು ಕೇಳಿದ್ದೀರಿ. ಕಂಬದ ಚಿಂತೆ ಬಿಡಿ, ಮೇಲಿನ ರಸ್ತೆಯಿಂದ ಕೆಳಗಿಳಿಯುವ ಇಳಿಜಾರು, ಅಂದರೆ ರ‍್ಯಾಂಪ್ ಎಲ್ಲಿ ಇಳಿಯುತ್ತದೆ ಎಂದು ನಕ್ಷೆಯಲ್ಲಿ ನೋಡಿ. ಕಂಬಗಳ ನಡುವೆ ಜನ ದಾಟಿ ಬಂದಾರು. ಎದುರಿಗೆ ರ‍್ಯಾಂಪಿನ ಗೋಡೆ ನಿಂತರೆ ಆಚೆ ಬದಿಯ ಗಿರಾಕಿ ಸುತ್ತು ಹಾಕಿ ಬರುವುದಿಲ್ಲ.

ಜಾಗ ಹೋಗುವುದಾದರೆ, 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಸೆಕ್ಷನ್ 3ಎ ಅಡಿ ಭೂಸ್ವಾಧೀನದ ಅಧಿಸೂಚನೆ ಪ್ರಕಟವಾದ 21 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು. ಖಾತೆ, ಪಹಣಿ ಹಿಡಿದು ಸರ್ವೆ ನಂಬರ್ ತಾಳೆ ನೋಡಿ. ಬಾಡಿಗೆದಾರರಾದರೆ ಮಾಲೀಕರ ಬಾಯಿಮಾತನ್ನು ನೆಚ್ಚಬೇಡಿ.

ಇನ್ನು, ಮೇಲೆ ರಸ್ತೆಯಾದರೆ ಕೆಳಗೆ ದಟ್ಟಣೆಯೇ ಇರದು ಎನ್ನುವವರಿಗೆ ಬೆಂಗಳೂರಿನ ಪೀಣ್ಯ ಮೇಲ್ಸೇತುವೆ ತೋರಿಸಿ. ಕೇಬಲ್ ದೋಷದಿಂದ 2021ರ ಡಿಸೆಂಬರ್‌ನಲ್ಲಿ ಮುಚ್ಚಿದ ಆ ಮೇಲ್ಸೇತುವೆ ಭಾರಿ ವಾಹನಗಳಿಗೆ ಮತ್ತೆ ತೆರೆದದ್ದು 2024ರಲ್ಲಿ. ಅಲ್ಲಿಯವರೆಗೆ ತುಮಕೂರಿನ ಬಸ್ಸುಗಳು ಕೆಳಗಿನ ರಸ್ತೆಯಲ್ಲೇ ತೆವಳಿದವು.