ಹಾಸನದಲ್ಲಿ ಬಿ.ಎಸ್ಸಿ. ನರ್ಸಿಂಗ್ ಸೇರಲು ಅಂಕ, ದಾಖಲೆ, ಆರೋಗ್ಯದ ಅರ್ಹತೆಗಳೇನು?

ಮೂಡಿಗೆರೆಯಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿರುವ ತಂಗಿಯನ್ನು ಹಾಸನದಲ್ಲಿ ಬಿ.ಎಸ್ಸಿ. ನರ್ಸಿಂಗ್‌ಗೆ ಸೇರಿಸಲು ಏನೆಲ್ಲ ಬೇಕೆಂದು ಕೇಳಿದ್ದೀರಿ. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಇಂಗ್ಲಿಷ್‌ನಲ್ಲಿ ತೇರ್ಗಡೆಯಾಗಿ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ ಒಟ್ಟು ಶೇ 45, ಪರಿಶಿಷ್ಟ ಜಾತಿ, ಪಂಗಡದವರಾದರೆ ಶೇ 40 ಅಂಕಗಳಿರಬೇಕು. ಸರ್ಕಾರಿ ಸೀಟು ಬೇಕಿದ್ದರೆ ಸಿಇಟಿ ಬರೆಯಬೇಕು. ಅರ್ಜಿ ತುಂಬುವಾಗ ನಾಡಕಚೇರಿ ಕೊಟ್ಟ ಜಾತಿ, ಆದಾಯ ಪ್ರಮಾಣಪತ್ರದ ಮೇಲಿನ ಆರ್‌ಡಿ ಸಂಖ್ಯೆಯನ್ನು ಒಂದೊಂದೇ ಅಂಕಿ ನೋಡಿ ನಮೂದಿಸಿ. ಅಲ್ಲಿ ತಪ್ಪಿದರೆ ಮೀಸಲಾತಿಯೇ ಕೈತಪ್ಪಬಹುದು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳಿಗೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕಾಗುವುದರಿಂದ ಶಾಲೆಗೆ ಈಗಲೇ ಹೋಗಿಬನ್ನಿ.

ಹೆಚ್ಚಿನವರು ಕಡೆಗಣಿಸುವುದು ಆರೋಗ್ಯದ ಭಾಗವನ್ನು. ಅಭ್ಯರ್ಥಿಯು ವೈದ್ಯಕೀಯವಾಗಿ ಸಮರ್ಥರಿರಬೇಕೆಂಬುದು ಪರಿಷತ್ತಿನದೇ ಷರತ್ತು. ರಕ್ತದ ಮೂಲಕ ಹರಡುವ ಯಕೃತ್ತಿನ ಸೋಂಕಾದ ಹೆಪಟೈಟಿಸ್ ಬಿ ವಿರುದ್ಧದ ಲಸಿಕೆ ಬಾಲ್ಯದಲ್ಲಿ ಆಗಿಲ್ಲವೆಂದಾದರೆ, ಮೊದಲ ಡೋಸಿನ ನಂತರ 1ನೇ ಮತ್ತು 6ನೇ ತಿಂಗಳಲ್ಲಿ ಉಳಿದೆರಡು ಡೋಸ್ ಪಡೆಯಬೇಕಾಗುವುದರಿಂದ, ಪ್ರವೇಶದ ಹೊತ್ತಿಗೆ ಆರಂಭಿಸಿದರೆ ವಾರ್ಡಿನಲ್ಲಿ ಸೂಜಿ ಹಿಡಿಯುವ ದಿನಕ್ಕೆ ರಕ್ಷಣೆ ಪೂರ್ಣವಾಗಿರುವುದಿಲ್ಲ. ತಂಗಿಯ ಬಾಲ್ಯದ ಲಸಿಕೆಗಳ ವಿವರವಿರುವ ‘ತಾಯಿ ಕಾರ್ಡ್’ ಹುಡುಕಿ, ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ತೋರಿಸಿ. ಅಸ್ತಮಾ, ರಕ್ತಹೀನತೆ ಏನೇ ಇದ್ದರೂ ಮುಚ್ಚಿಡದೆ ತಿಳಿಸಿ. ಚಿಕಿತ್ಸೆಯಲ್ಲಿರುವ ಕಾಯಿಲೆಗಿಂತ ಬಚ್ಚಿಟ್ಟ ಕಾಯಿಲೆಯೇ ರಾತ್ರಿ ಪಾಳಿಯಲ್ಲಿ ಹೆಚ್ಚು ಕಾಡುತ್ತದೆ. ಖಾಸಗಿ ಕಾಲೇಜಾದರೆ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ (ಅಫಿಲಿಯೇಷನ್) ಆ ವರ್ಷಕ್ಕೂ ಇದೆಯೆಂದು ನೋಡಿಕೊಂಡೇ ಶುಲ್ಕ ಕಟ್ಟಿ.