ಹೆಡ್‌ಶೆಲ್, ಕಾರ್ಟ್ರಿಜ್, ಮುಳ್ಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ರೆಕಾರ್ಡ್ ಪ್ಲೇಯರು ಸೆಕೆಂಡ್‌ ಹ್ಯಾಂಡ್‌ನಲ್ಲಿ ಸಿಕ್ಕಿದೆ. ಮೋಟಾರು ಚೆನ್ನಾಗಿದೆ, ಆರ್ಮಿನ (ರೆಕಾರ್ಡಿನ ಮೇಲೆ ಸಾಗುವ ತೋಳು) ತುದಿಗೆ ಸಿಕ್ಕಿಸುವ ಹೆಡ್‌ಶೆಲ್ಲೇ ಇಲ್ಲ. ಯಾವ ಹೆಡ್‌ಶೆಲ್, ಅದಕ್ಕೆ ಕಟ್ಟುವ ಯಾವ ಕಾರ್ಟ್ರಿಜ್ (ಮುಳ್ಳು ಕೂರುವ ಗೂಡು) ಕೊಳ್ಳಲಿ? ಮನೆಯಲ್ಲಿ ಎಲ್‌ಪಿಗಳ ಜೊತೆ ಸಿನಿಮಾ ಹಾಡಿನ ಇಪಿಗಳು (ಸಣ್ಣ ರೆಕಾರ್ಡುಗಳು) ಬಹಳ ಇವೆ.
– ಓದುಗರು, ಮೈಸೂರು

ಉತ್ತರ: ನಾಲ್ಕು ಪಿನ್ನಿನ ಎಸ್‌ಎಂಇ ಮಾದರಿಯ ಯಾವ ಹೆಡ್‌ಶೆಲ್ಲಾದರೂ ಈ ಆರ್ಮಿಗೆ ಕೂರುತ್ತದೆ. ನೋಡಬೇಕಾದದ್ದು ತೂಕ. ಕಂಪನಿಯ ಮೂಲ ಹೆಡ್‌ಶೆಲ್ 7.5 ಗ್ರಾಂ, ಅದರ ಆಸುಪಾಸಿನದನ್ನೇ ಕೊಳ್ಳಿ. ಮರದ್ದು, ದಪ್ಪ ಲೋಹದ್ದು ಎಂದು ಅಂದಕ್ಕೆ ಮರುಳಾಗಿ 15 ಗ್ರಾಂನದು ಹಾಕಿದರೆ ತೊಂದರೆ ಹೀಗಾಗುತ್ತದೆ: ಆರ್ಮಿನ ತೂಕ ಮತ್ತು ಮುಳ್ಳಿನ ಮೆದುತನ (ಕಂಪ್ಲಯನ್ಸ್) ಸೇರಿ ಒಂದು ಅನುರಣನ ಹುಟ್ಟುತ್ತದೆ. ಅದು 8ರಿಂದ 12 ಹರ್ಟ್ಸ್ ನಡುವೆ ಇದ್ದರೆ ಕ್ಷೇಮ. ಕೆಳಗಿಳಿದರೆ ಸೊಟ್ಟಗಾದ ರೆಕಾರ್ಡಿನ ಏರಿಳಿತ, ನೆಲದ ಮೇಲಿನ ಹೆಜ್ಜೆ, ಎಲ್ಲಕ್ಕೂ ಆರ್ಮು ತೂಗಾಡುತ್ತದೆ.

ಲೆಕ್ಕ ಸುಲಭ. ಒಟ್ಟು ತೂಕವನ್ನು ಕಂಪ್ಲಯನ್ಸಿನಿಂದ ಗುಣಿಸಿ, ವರ್ಗಮೂಲ ತೆಗೆದು, ಅದರಿಂದ 159ನ್ನು ಭಾಗಿಸಿ. ಈ ಆರ್ಮಿನ ಪರಿಣಾಮಕಾರಿ ತೂಕ ಮೂಲ ಹೆಡ್‌ಶೆಲ್ ಸೇರಿ 12 ಗ್ರಾಂ. ಆರ್ಟೋಫಾನ್ 2ಎಂ ರೆಡ್ 7.2 ಗ್ರಾಂ, ಸ್ಕ್ರೂಗಳು ಸುಮಾರು ಅರ್ಧ ಗ್ರಾಂ, ಕಂಪ್ಲಯನ್ಸ್ 20. ಉತ್ತರ ಸರಿಯಾಗಿ 8 ಹರ್ಟ್ಸ್ ಬರುತ್ತದೆ. ಅದೇ ಕಾರ್ಟ್ರಿಜ್ಜನ್ನು 15 ಗ್ರಾಂನ ಹೆಡ್‌ಶೆಲ್ಲಿಗೆ ಹಾಕಿದರೆ 7 ಹರ್ಟ್ಸಿಗಿಂತ ಕೆಳಗೆ. ಒಂದು ಎಚ್ಚರಿಕೆ: ಜಪಾನಿನ ಕಂಪನಿಗಳು ಕಂಪ್ಲಯನ್ಸನ್ನು ಸಾಮಾನ್ಯವಾಗಿ 100 ಹರ್ಟ್ಸಿನಲ್ಲಿ ಅಳೆದು ಕೊಡುತ್ತವೆ. ಆ ಅಂಕಿಯನ್ನು ಒಂದೂವರೆಯಿಂದ ಎರಡು ಪಟ್ಟು ಮಾಡಿಕೊಂಡೇ ಲೆಕ್ಕಕ್ಕೆ ಹಾಕಿ.

ನಿಮಗೆ ನಮ್ಮ ಸಲಹೆ ಆಡಿಯೊ-ಟೆಕ್ನಿಕಾ ವಿಎಂ95ಇ. ತೂಕ 6.1 ಗ್ರಾಂ, ರೆಕಾರ್ಡಿನ ಮೇಲೆ ಮುಳ್ಳು ಹಾಕಬೇಕಾದ ಒತ್ತಡ 2 ಗ್ರಾಂ. ಇದರ ಮೈಯಲ್ಲೇ ಸ್ಕ್ರೂ ತಿರುಗಿ ಕೂರುವ ಗೆರೆಗಳು ಇರುವುದರಿಂದ ಪುಟಾಣಿ ನಟ್ಟುಗಳ ಜೊತೆ ಗುದ್ದಾಡಬೇಕಿಲ್ಲ. ಮುಳ್ಳು ಸವೆದಾಗ ಮುಳ್ಳೊಂದನ್ನೇ ಬದಲಿಸಬಹುದು, ಅದೇ ಸರಣಿಯ ಇನ್ನೂ ನುಣುಪಾದ ಮುಳ್ಳನ್ನೂ ಹಾಕಬಹುದು.

ಪ್ರಶ್ನೆ: ಕಾರ್ಟ್ರಿಜ್ಜನ್ನು ನಾನೇ ಕೂರಿಸಬಹುದೇ? ಕೊನೆಯ ಹಾಡು ಬಂದಾಗ ‘ಸ’, ‘ಶ’ ಅಕ್ಷರಗಳು ಸೀಳಿದಂತೆ ಕೇಳುತ್ತವೆ.
– ಓದುಗರು, ಬೆಂಗಳೂರು

ಉತ್ತರ: ಖಂಡಿತ ನೀವೇ ಕೂರಿಸಬಹುದು. ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ನಿಮ್ಮ ಸೀಳು ದನಿಗೆ ಮುಳ್ಳಿನ ಕೊಳೆ ಅಥವಾ ಸವೆತ ಕಾರಣವಲ್ಲದಿದ್ದರೆ, ಬಹುಪಾಲು ತಪ್ಪು ಜೋಡಣೆಯೇ ಕಾರಣ. ಹೊಸ ಕಾರ್ಟ್ರಿಜ್ಜಿಗೆ ದುಡ್ಡು ಸುರಿಯುವ ಮೊದಲು ಇರುವುದನ್ನೇ ಸರಿಯಾಗಿ ಕೂರಿಸಿ ಕೇಳಿ.

ಮುಳ್ಳಿನ ಮುಚ್ಚಳ ತೆಗೆಯದೆ ತಂತಿಗಳಿಂದ ಶುರು ಮಾಡಿ. ಬಿಳಿ ಎಡಕ್ಕೆ, ನೀಲಿ ಎಡದ ನೆಗೆಟಿವ್. ಕೆಂಪು ಬಲಕ್ಕೆ, ಹಸಿರು ಬಲದ ನೆಗೆಟಿವ್. ಚಿಮಟದಿಂದ ಹಿಡಿಯಬೇಕಾದದ್ದು ಲೋಹದ ಕ್ಲಿಪ್ಪನ್ನು, ತಂತಿಯನ್ನಲ್ಲ. ಕ್ಲಿಪ್ಪು ಬಿಗಿಯಾಗಿದ್ದರೆ ಒತ್ತಬೇಡಿ, ಹಲ್ಲುಕಡ್ಡಿಯ ತುದಿ ತೂರಿಸಿ ಸ್ವಲ್ಪ ಅಗಲಿಸಿ. ಕಾರ್ಟ್ರಿಜ್ಜಿನ ಪಿನ್ನಿಗೆ ಬೆಸುಗೆ ಹಾಕಲೇಬೇಡಿ. ಆ ಬಿಸಿಗೆ ಒಳಗಿನ ಕೂದಲೆಳೆಯಂಥ ಸುರುಳಿ ಕಿತ್ತುಹೋಗುತ್ತದೆ.

ಎರಡು ಎಂ2.5 ಸ್ಕ್ರೂಗಳನ್ನು ಅರ್ಧ ಬಿಗಿ ಮಾಡಿ. ಟೆಕ್ನಿಕ್ಸ್ ಆರ್ಮಾದರೆ ಹೆಡ್‌ಶೆಲ್ಲಿನ ರಬ್ಬರ್ ವಾಷರಿನಿಂದ ಮುಳ್ಳಿನ ತುದಿಗೆ 52 ಮಿ.ಮೀ. ಇರಲಿ. ಆಂಟಿಸ್ಕೇಟ್ (ಆರ್ಮು ಒಳಕ್ಕೆ ಎಳೆಯಲ್ಪಡುವುದನ್ನು ತಡೆಯುವ ಗುಂಡಿ) ಸೊನ್ನೆಗೆ ಇಟ್ಟು, ಮುಚ್ಚಳ ತೆಗೆದು, ಆರ್ಮು ಗಾಳಿಯಲ್ಲಿ ಮಟ್ಟಸವಾಗಿ ನಿಲ್ಲುವವರೆಗೆ ಹಿಂಬದಿಯ ಭಾರ ತಿರುಗಿಸಿ. ಆಮೇಲೆ ಭಾರ ಅಲುಗದಂತೆ ಹಿಡಿದು ಅಂಕಿಯ ಉಂಗುರವನ್ನು ಮಾತ್ರ ಸೊನ್ನೆಗೆ ತಂದು, ಎರಡನ್ನೂ ಒಟ್ಟಿಗೆ ಬೇಕಾದ ಗ್ರಾಂವರೆಗೆ ತಿರುಗಿಸಿ. ಒತ್ತಡ ಕಡಿಮೆ ಇದ್ದರೆ ರೆಕಾರ್ಡು ಉಳಿಯುತ್ತದೆ ಎಂಬುದು ತಪ್ಪು ನಂಬಿಕೆ. ಹಗುರಾದ ಮುಳ್ಳು ಹಾಡು ಕೊರೆದ ಗೀರಿನ ಗೋಡೆಯಿಂದ ಗೋಡೆಗೆ ಕುಪ್ಪಳಿಸಿ ಹೆಚ್ಚು ಹಾಳು ಮಾಡುತ್ತದೆ.

ಈಗ ಜೋಡಣೆ ಹಾಳೆ, ಅಂದರೆ ಪ್ರೊಟ್ರಾಕ್ಟರ್. ಮನೆಯಲ್ಲೇ ಮುದ್ರಿಸಿದರೆ ಸ್ಕೇಲಿಟ್ಟು ಅಳತೆ ನೋಡಿ. ಪ್ರಿಂಟರು ಹಾಳೆಯನ್ನು ಶೇ. 97ಕ್ಕೆ ಕುಗ್ಗಿಸಿದ್ದರೆ ಇಡೀ ಕೆಲಸ ವ್ಯರ್ಥ. ಬೇರ್‌ವಾಲ್ಡ್ ಎಂಬ ಜೋಡಣೆಯ ಲೆಕ್ಕದಲ್ಲಿ ನಡುಗೂಟದಿಂದ 66 ಮತ್ತು 120.9 ಮಿ.ಮೀ. ದೂರದ ಎರಡೂ ಚುಕ್ಕೆಗಳಲ್ಲಿ ಮುಳ್ಳು ಹೊತ್ತ ಕಡ್ಡಿ (ಕ್ಯಾಂಟಿಲಿವರ್) ಗೆರೆಗೆ ಸಮಾಂತರವಾಗಿರಬೇಕು. ನೋಡಬೇಕಾದದ್ದು ಕಡ್ಡಿಯನ್ನು, ಕಾರ್ಟ್ರಿಜ್ಜಿನ ಮೈಯನ್ನಲ್ಲ, ಏಕೆಂದರೆ ಎರಡೂ ಒಂದೇ ನೇರಕ್ಕೆ ಇರುತ್ತವೆ ಎಂದೇನಿಲ್ಲ. ಟೆಕ್ನಿಕ್ಸಿನಲ್ಲಿ ಇದನ್ನು ಸಾಧಿಸಲು ಕಾರ್ಟ್ರಿಜ್ಜು 52ರ ಗುರುತಿಗಿಂತ ಮೂರು ಮಿ.ಮೀ.ನಷ್ಟು ಮುಂದೆ ಹೋಗಿ, ಸ್ವಲ್ಪ ಒಳಕ್ಕೆ ತಿರುಗಿ ನಿಲ್ಲುತ್ತದೆ. ಅದು ಸರಿಯೇ. ಆದರೆ ಮೈಸೂರಿನ ಓದುಗರ ಹಾಗೆ ಇಪಿ ಹೆಚ್ಚಿದ್ದರೆ ಕಂಪನಿಯ 52 ಮಿ.ಮೀ. ಅಳತೆಯೇ ಮೇಲು. ಅದರ ಒಳಚುಕ್ಕೆ 58.8 ಮಿ.ಮೀ.ನಲ್ಲಿ ಬೀಳುತ್ತದೆ, ಇಪಿಯ ಹಾಡು ಮುಗಿಯುವುದೂ ಲೇಬಲ್ಲಿಗೆ ಅಷ್ಟೇ ಹತ್ತಿರದಲ್ಲಿ.

ಸ್ಕ್ರೂಗಳನ್ನು ಒಂದೊಂದಾಗಿ, ಕಾಲು ಕಾಲು ಸುತ್ತು ಬಿಗಿ ಮಾಡಿ. ಒಂದನ್ನೇ ಪೂರ್ತಿ ತಿರುಗಿಸಿದರೆ ಜೋಡಣೆ ಓರೆಯಾಗುತ್ತದೆ. ಕಾರ್ಟ್ರಿಜ್ಜು ಮುಂದೆ ಸರಿದಾಗ ಒತ್ತಡವೂ ಬದಲಾಗಿರುತ್ತದೆ, ಮತ್ತೆ ಅಳೆಯಿರಿ. ಮುಳ್ಳನ್ನು ರೆಕಾರ್ಡಿನ ಮೇಲೆ ಇಳಿಸಿ ಪಕ್ಕದಿಂದ ನೋಡಿದರೆ ಕಾರ್ಟ್ರಿಜ್ಜಿನ ಮೇಲ್ಮೈ ರೆಕಾರ್ಡಿಗೆ ಸಮಾಂತರವಾಗಿರಲಿ, ಎದುರಿನಿಂದ ನೋಡಿದರೆ ಯಾವ ಕಡೆಗೂ ವಾಲದಿರಲಿ. ಆಂಟಿಸ್ಕೇಟನ್ನು ಒತ್ತಡದ ಅಂಕಿಗೇ ಇಡಿ.

ಪ್ರಶ್ನೆ: ಎಡಗಡೆ ಸ್ಪೀಕರಿನಲ್ಲಿ ದನಿಯೇ ಇಲ್ಲ. ಕಾರ್ಟ್ರಿಜ್ ಹೋಗಿದೆಯೇ?
– ಓದುಗರು, ಧಾರವಾಡ

ಉತ್ತರ: ಆತುರ ಬೇಡ. ಹೆಡ್‌ಶೆಲ್ ಬಿಚ್ಚಿ, ಹಿಂದಿನ ನಾಲ್ಕು ಪಿನ್ನುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿ. ಇಂಥ ದೂರುಗಳಲ್ಲಿ ಅನೇಕವು ಅಲ್ಲಿಗೇ ಮುಗಿಯುತ್ತವೆ. ಆಗಲಿಲ್ಲವೆಂದರೆ ಕಾರ್ಟ್ರಿಜ್ಜಿನ ಪಿನ್ನಿನಲ್ಲಿ ಬಿಳಿ-ನೀಲಿ ಜೋಡಿಯನ್ನು ಬಲಕ್ಕೂ ಕೆಂಪು-ಹಸಿರನ್ನು ಎಡಕ್ಕೂ ಅದಲುಬದಲು ಮಾಡಿ. ಈಗ ಬಲ ಸ್ಪೀಕರು ಸುಮ್ಮನಾದರೆ ಕಾರ್ಟ್ರಿಜ್ಜಿನ ದೋಷ. ಎಡವೇ ಸುಮ್ಮನಿದ್ದರೆ ದೋಷ ತಂತಿಯಿಂದ ಆಂಪ್ಲಿಫೈಯರಿನವರೆಗೆ ಎಲ್ಲೋ ಇದೆ.

ಪ್ರಶ್ನೆ: ಅಜ್ಜನ ಕಾಲದ 78 ಆರ್‌ಪಿಎಂ ಪ್ಲೇಟುಗಳನ್ನು ಎಲ್‌ಪಿ ಮುಳ್ಳಿನಲ್ಲೇ ಹಾಕಬಹುದೇ?
– ಓದುಗರು, ಉಡುಪಿ

ಉತ್ತರ: ಬೇಡ. 78ರ ಗೀರು ಅಗಲ. ಎಲ್‌ಪಿಯ ಸಣ್ಣ ಮುಳ್ಳು ಅದರ ತಳಕ್ಕಿಳಿದು ಕಸವನ್ನೇ ಉಳುತ್ತದೆ, ಕೇಳುವುದು ಬರೀ ಕರಕರ. 3 ಮಿಲ್‌ನ (ಇಂಚಿನ ಸಾವಿರದ ಮೂರು ಭಾಗ) ಮುಳ್ಳು ಬೇಕು. ವಿಎಂ95 ಸರಣಿಯಲ್ಲೇ ಎಸ್‌ಪಿ ಎಂಬುದಿದೆ, ಒತ್ತಡ 5 ಗ್ರಾಂ. ಆರ್ಮಿನ ಅಂಕಿ ಅಷ್ಟು ದೂರ ಹೋಗದಿದ್ದರೆ ಪುಟ್ಟ ಡಿಜಿಟಲ್ ತಕ್ಕಡಿಯಿಟ್ಟು ಅಳೆಯಿರಿ. ಇದನ್ನು ಬೇರೆಯೇ ಹೆಡ್‌ಶೆಲ್ಲಿಗೆ ಕಟ್ಟಿಟ್ಟುಕೊಂಡರೆ ಬದಲಿಸುವುದು ಒಂದು ನಿಮಿಷದ ಕೆಲಸ. ಒತ್ತಡ ಮಾತ್ರ ಪ್ರತಿ ಸಲ ಹೊಂದಿಸಿಕೊಳ್ಳಬೇಕು. ಎಸ್‌ಎಲ್-1200 ಎಂಕೆ2ರಲ್ಲಿ 78ರ ವೇಗವಿಲ್ಲ ಎಂಬುದು ಗಮನದಲ್ಲಿರಲಿ. ಆಂಪ್ಲಿಫೈಯರಿನಲ್ಲಿ ಮೊನೊ ಗುಂಡಿ ಇದ್ದರೆ ಒತ್ತಿ, ಗೊರಗೊರ ಸದ್ದು ಸಾಕಷ್ಟು ತಗ್ಗುತ್ತದೆ. ಆ ಪ್ಲೇಟುಗಳು ಅರಗಿನವು. ಮೇಲೆ ಪಿನ್ನಿಗೆ ಹೇಳಿದ ಆಲ್ಕೊಹಾಲನ್ನು ಅವಕ್ಕೆ ತಾಗಿಸಲೇಬೇಡಿ, ಅರಗು ಕರಗಿ ಹಾಡೇ ಅಳಿಸಿಹೋಗುತ್ತದೆ. ಡಿಸ್ಟಿಲ್ಡ್ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಲೇಬಲ್ ನೆನೆಯದಂತೆ ಒರೆಸಿ, ಬೇಗನೆ ಒಣಗಿಸಿ.