ಶುಗರ್, ಕೆಮ್ಮು, ಮಗು: ಜೇನಿನ ಬಗ್ಗೆ ಕೇಳಿದ ಅಕ್ಕನಿಗೆ

ಅಕ್ಕಾ, ನಿಮ್ಮ ತುಡುವೆ ಜೇನುನೊಣದ ಪೆಟ್ಟಿಗೆಯಿಂದ ಮೊದಲ ಸಲ ಜೇನು ತೆಗೆದಿದ್ದೀರಿ, ಖುಷಿ ಆಯಿತು. ಅದನ್ನು ಶುಗರ್ ಇರುವ ಅಪ್ಪನಿಗೆ ಕೊಡಬಹುದಾ, ಹತ್ತು ತಿಂಗಳ ಮಗುವಿಗೆ ನೆಕ್ಕಿಸಬಹುದಾ, ಬಿಸಿನೀರಿಗೆ ಹಾಕಿ ಕುಡಿದರೆ ತೂಕ ಇಳಿಯುತ್ತದಾ ಅಂತ ಕೇಳಿದ್ದೀರಿ. ಬಾಟಲಿಯ ತಳ ಸಕ್ಕರೆ ಕಟ್ಟಿದೆ, ಪಕ್ಕದ ಮನೆಯವರು ಅನುಮಾನ ಪಡುತ್ತಿದ್ದಾರೆ ಅಂತಲೂ ಬರೆದಿದ್ದೀರಿ. ನಿಮ್ಮ ಪ್ರಶ್ನೆಗೆ ಬೇರೆಯವರು ಬರೆದ ಉತ್ತರಗಳನ್ನು ನೋಡಿದರೆ ಜೇನಿಗೆ ವಾಸಿಯಾಗದ ಕಾಯಿಲೆಯೇ ಇಲ್ಲ! ನಾನೂ ಜೇನು ಮಾರುವವನೇ, ಹಾಗೆ ಹೇಳಿದರೆ ನನಗೂ ಲಾಭ. ಆದರೆ ವಿಷಯ ಹಾಗಿಲ್ಲ.

ಮೊದಲು ಮಗು. ಒಂದು ವರ್ಷ ತುಂಬುವವರೆಗೆ ಒಂದು ಹನಿಯೂ ಬೇಡ. ಜೇನಿನಲ್ಲಿ ಕೆಲವೊಮ್ಮೆ ಬೊಟುಲಿನಂ ಅನ್ನುವ ಬ್ಯಾಕ್ಟೀರಿಯಾದ ಬೀಜಾಣು ಇರುತ್ತದೆ. ದೊಡ್ಡವರ ಹೊಟ್ಟೆಯಲ್ಲಿ ಅದು ಏನೂ ಮಾಡುವುದಿಲ್ಲ. ಎಳೆ ಮಗುವಿನ ಕರುಳಲ್ಲಿ ಮೊಳೆತು ವಿಷ ಬಿಡುತ್ತದೆ. ಮಗುವಿಗೆ ಮೊದಲು ಮಲ ಕಟ್ಟುತ್ತದೆ, ಆಮೇಲೆ ಅಳುವ ದನಿ ಕುಗ್ಗುತ್ತದೆ, ಹಾಲು ಚೀಪಲು ಆಗುವುದಿಲ್ಲ, ಕತ್ತು ನಿಲ್ಲುವುದಿಲ್ಲ. ಕುದಿಸಿದರೂ ಆ ಬೀಜಾಣು ಸಾಯುವುದಿಲ್ಲ. 'ನಮ್ಮದೇ ಪೆಟ್ಟಿಗೆಯದು, ಶುದ್ಧ' ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ನಮ್ಮ ಕಡೆ ಹುಟ್ಟಿದ ಕೂಸಿಗೆ ಜೇನು ನೆಕ್ಕಿಸುವ ಪದ್ಧತಿ ಇದೆ, ಗೊತ್ತು. ಅಜ್ಜಿಯರು ಬೇಜಾರು ಮಾಡಿಕೊಂಡರೂ ಬೇಡವೇ ಬೇಡ. ಇನ್ನೆರಡು ತಿಂಗಳು ತಾನೇ?

ಇನ್ನು ಅಪ್ಪ. 100 ಗ್ರಾಂ ಜೇನಿನಲ್ಲಿ ಸುಮಾರು 80 ಗ್ರಾಂ ಸಕ್ಕರೆಯೇ ಇದೆ. ಉಳಿದದ್ದು ಹೆಚ್ಚುಕಡಿಮೆ ನೀರು. ವಿಟಮಿನ್, ಖನಿಜ ಎಲ್ಲಾ ಇದೆ ಅನ್ನುತ್ತಾರಲ್ಲ, ಇರುವುದು ಚೂರುಪಾರು. ಒಂದು ದೊಡ್ಡ ಚಮಚಕ್ಕೆ 60 ಕ್ಯಾಲೊರಿಗೂ ಸ್ವಲ್ಪ ಜಾಸ್ತಿ. ಕಾಫಿಗೆ ಸಕ್ಕರೆ ಬಿಟ್ಟು ಜೇನು ಹಾಕಿಕೊಂಡು 'ನಾನು ಸಕ್ಕರೆ ತಿನ್ನುವುದಿಲ್ಲ' ಅನ್ನುವವರನ್ನು ನಾನು ಎಷ್ಟೋ ಜನ ನೋಡಿದ್ದೇನೆ. ರಕ್ತದಲ್ಲಿ ಶುಗರ್ ಏರುವುದು ಏರಿಯೇ ಏರುತ್ತದೆ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಶುಗರ್ ತೀರಾ ಇಳಿದು ಬೆವರು, ನಡುಕ ಬಂದಾಗ, ಎಚ್ಚರ ಇದ್ದು ನುಂಗಲು ಆಗುವ ಹಾಗಿದ್ದರೆ, ಒಂದು ದೊಡ್ಡ ಚಮಚ ಜೇನು ಕೊಡಬಹುದು. ಬೇಗ ಏರಿಸುತ್ತದೆ ಅಂತಲೇ ಕೊಡುವುದು! ಹಾಗಾಗಿ ಅಪ್ಪನಿಗೆ ಆಸೆ ಇದ್ದರೆ ಡಾಕ್ಟರನ್ನು ಕೇಳಿ, ದಿನದ ಸಿಹಿಯ ಲೆಕ್ಕದಲ್ಲೇ ಸೇರಿಸಿ ಕೊಡಿ. ಅವರ ಕಾಲಿಗೆ ಗಾಯ ಆದರೆ ಮನೆ ಜೇನು ಹಚ್ಚಬೇಡಿ. ಆಸ್ಪತ್ರೆಯಲ್ಲಿ ಗಾಯಕ್ಕೆ ಬಳಸುವುದು ಗಾಮಾ ಕಿರಣದಿಂದ ಶುದ್ಧ ಮಾಡಿದ ಜೇನು, ಅದು ಬೇರೆ.

ಮುಜಂಟಿ ಜೇನು, ಅಂದರೆ ಚುಚ್ಚುವ ಮುಳ್ಳಿಲ್ಲದ ಪುಟ್ಟ ನೊಣದ ಜೇನು, ಶುಗರ್‌ಗೆ ಔಷಧಿ ಅಂತ ಆ ಉತ್ತರಗಳಲ್ಲಿ ಒಬ್ಬರು ಬರೆದಿದ್ದಾರೆ. ಆಸ್ಟ್ರೇಲಿಯಾ, ಮಲೇಷ್ಯಾ, ಬ್ರೆಜಿಲ್‌ನ ಮುಳ್ಳಿಲ್ಲದ ನೊಣಗಳ ಜೇನಿನಲ್ಲಿ ನಿಧಾನವಾಗಿ ಅರಗುವ ಟ್ರೆಹಾಲುಲೋಸ್ ಅನ್ನುವ ಸಕ್ಕರೆ ಜಾಸ್ತಿ ಇದೆ ಅಂತ 2020ರಲ್ಲಿ ವರದಿ ಬಂದದ್ದು ನಿಜ. ಆದರೆ ಅದು ನಮ್ಮ ಗೋಡೆ ಸಂದಿಯ ಮುಜಂಟಿಯ ಪರೀಕ್ಷೆ ಅಲ್ಲ.

ಜೇನು ನಿಜವಾಗಿ ಕೆಲಸ ಮಾಡುವುದು ಕೆಮ್ಮಿಗೆ. 2007ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಶೀತ-ಕೆಮ್ಮು ಇದ್ದ 105 ಮಕ್ಕಳ ಮೇಲೆ ಪರೀಕ್ಷೆ ಮಾಡಿದ್ದರು. ಕೆಲವರಿಗೆ ಮಲಗುವ ಮೊದಲು ಜೇನು, ಕೆಲವರಿಗೆ ಕೆಮ್ಮಿನ ಔಷಧಿ, ಉಳಿದವರಿಗೆ ಏನೂ ಇಲ್ಲ. ಏನೂ ಕೊಡದ ಮಕ್ಕಳಿಗಿಂತ ಜೇನು ಕುಡಿದ ಮಕ್ಕಳು ಚೆನ್ನಾಗಿ ಮಲಗಿದರು. 2ರಿಂದ 5 ವರ್ಷದವರಿಗೆ ಅರ್ಧ ಟೀ ಚಮಚ, 6ರಿಂದ 11ರವರಿಗೆ ಒಂದು, ಅದಕ್ಕಿಂತ ದೊಡ್ಡ ಮಕ್ಕಳಿಗೆ ಎರಡು. ಸುಮ್ನೆ ಹಾಗೇ ನೆಕ್ಕಿಸಿದರೆ ಸಾಕು, ಗಂಟಲಿಗೆ ಅಂಟಿ ಕೆರೆತ ಕಡಿಮೆ ಮಾಡುತ್ತದೆ. ಜ್ವರ, ಉಬ್ಬಸ ಇದ್ದರೆ ಡಾಕ್ಟರ ಹತ್ತಿರ ಹೋಗಿ.

ತೂಕ ಇಳಿಯುವುದು ಜೇನಿನಿಂದ ಅಲ್ಲ. ಬೆಳಿಗ್ಗೆ ಎರಡು ಲೋಟ ಸಿಹಿ ಕಾಫಿಯ ಬದಲು ಒಂದು ಲೋಟ ಜೇನುನೀರು ಕುಡಿದರೆ ಇಳಿಯಬಹುದು, ಅದು ಬಿಟ್ಟ ಕಾಫಿಯ ಪುಣ್ಯ! ಬಿಸಿನೀರಿಗೆ ಹಾಕಿದರೆ ವಿಷ ಆಗುತ್ತದೆ ಅಂತ ಹೆದರುವುದು ಬೇಡ. ಆದರೆ ಕುದಿಯುವ ನೀರಿಗೆ ಹಾಕಿದರೆ ಅದರಲ್ಲಿರುವ ಕಿಣ್ವವೂ ಪರಿಮಳವೂ ಹೋಗುತ್ತದೆ. ಮತ್ತೆ ಜೇನೇ ಯಾಕೆ, ಬೆಲ್ಲ ಸಾಕಲ್ವಾ?

ಬಾಟಲಿಯ ತಳ ಗಟ್ಟಿಯಾದದ್ದು ಕೆಟ್ಟಿದ್ದಲ್ಲ, ಗ್ಲೂಕೋಸ್ ಹರಳು ಕಟ್ಟಿದ್ದು. ನಿಮ್ಮ ತೋಟದ ಪಕ್ಕ ರಬ್ಬರ್ ಇದೆ ಅಂದಿದ್ದಿರಿ. ರಬ್ಬರ್ ಚಿಗುರುವಾಗ ತೊಟ್ಟಿನ ತುದಿಯಲ್ಲಿ, ಮೂರು ಎಲೆ ಕೂಡುವ ಜಾಗದಲ್ಲಿ ಸಿಹಿ ರಸ ಒಸರುತ್ತದೆ. ನೊಣಗಳು ಅದನ್ನು ತರುತ್ತವೆ. ಆ ಜೇನು ಬಹಳ ಬೇಗ ಹರಳು ಕಟ್ಟುತ್ತದೆ. ಲೋಟದ ನೀರಿನಲ್ಲಿ ತಳಕ್ಕೆ ಇಳಿದರೆ ಶುದ್ಧ, ಜೇನಿನಲ್ಲಿ ಅದ್ದಿದ ಬೆಂಕಿಕಡ್ಡಿ ಹೊತ್ತಿದರೆ ಶುದ್ಧ ಅನ್ನುವ ಪಕ್ಕದ ಮನೆಯವರ ಪರೀಕ್ಷೆಯನ್ನೆಲ್ಲ ನಂಬಬೇಡಿ. ಗಟ್ಟಿ ಸಕ್ಕರೆ ಪಾಕವೂ ಲೋಟದ ತಳಕ್ಕೇ ಹೋಗುತ್ತದೆ.

ನೋಡಬೇಕಾದ್ದು ನೀರಿನ ಅಂಶ. ನಿಯಮದ ಪ್ರಕಾರ ನೂರಕ್ಕೆ 20ರ ಒಳಗಿರಬೇಕು. ಮುಂದಿನ ಸಲ ಎರಿಯ (ನೊಣಗಳು ಜೇನು ತುಂಬುವ ಮೇಣದ ತಟ್ಟಿಯ) ಮುಕ್ಕಾಲು ಭಾಗವಾದರೂ ನೊಣಗಳು ಮೇಣ ಮುಚ್ಚಿದ ಮೇಲೆ ತೆಗೆಯಿರಿ. ಎರಿ ಕಟ್ಟಿರುವ ಫ್ರೇಮ್ ಅಡ್ಡ ಹಿಡಿದು ಒಮ್ಮೆ ಕೊಡವಿ, ತೆಳ್ಳಗೆ ಹನಿ ಬಿದ್ದರೆ ವಾಪಸ್ ಇಟ್ಟುಬಿಡಿ. ಅವಸರ ಮಾಡಿದರೆ ಬಾಟಲಿಯಲ್ಲಿ ನೊರೆ ಬಂದು ಹುಳಿಯಾಗುತ್ತದೆ.

ಈಗಿನದನ್ನು ಕರಗಿಸಬೇಕೆಂದರೆ ಬಾಟಲಿಯನ್ನು ಕೈ ತಡೆಯುವಷ್ಟು ಬಿಸಿಯ ನೀರಿನಲ್ಲಿಡಿ, ಒಲೆ ಮೇಲೆ ಬೇಡ. ನಾನಂತೂ ಕರಗಿಸುವುದಿಲ್ಲ. ನೀರುದೋಸೆಗೆ ಗಟ್ಟಿ ಜೇನೇ ಚೆನ್ನ, ತಟ್ಟೆ ತುಂಬಾ ಹರಿಯುವುದಿಲ್ಲ.